ಡ್ರೈವರ್ ಮಾವನ ಎದೆಗೆ ಕಟ್ಟಿದ ಡಬ್ಬಿ

“ಕುರಿ ಹಿಂದ ಅಡ್ಡಾಡೂ ಮನಿತನದಾಗ ಡಿಗ್ರಿ ಹುಟ್ಟಂಗಿಲ್ಲ” ಎಂದು ಹೇಳಿದವನು ನನ್ನ ಸೋದರಮಾವ ಬೀರಪ್ಪ. ಬೀಡಿ ಎಂಬ ನಮ್ಮ ಊರಿನ ಮನೆಯ ಕಟ್ಟೆಯ ಮೇಲೆ ಕೂತು, ಸುಣ್ಣ ಹಚ್ಚಿದ ತಂಬಾಕನ್ನು ಅಂಗೈಯಲ್ಲಿ ತಿಕ್ಕುತ್ತ, ಒಳಗಿದ್ದ ನನಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ. ಕೆಟ್ಟ ಮನುಷ್ಯನಲ್ಲ. ನಮ್ಮ ಬಳಗದಲ್ಲಿ ತಿಂಗಳ ಪಗಾರ ಕಂಡ ಮೊದಲನೆಯವನು ಅವನೇ. ಬೀಡಿಯಿಂದ ಖಾನಾಪುರದ ಮೇಲೆ ಬೆಳಗಾವಿಗೆ ಹೋಗುವ ಸರಕಾರಿ ಬಸ್ಸಿನ ಡ್ರೈವರ್. ತಾನು ಸ್ಟೇರಿಂಗ್ ಹಿಡಿದದ್ದೇ ನಮ್ಮ ಮನೆತನದ ಕೊನೆಯ ಮೆಟ್ಟಿಲು, ಅದರ ಮೇಲೆ ಇನ್ನೊಂದು ಇರಲು ಸಾಧ್ಯವಿಲ್ಲ ಎಂದು ನಂಬಿದ್ದ.

ಮರುದಿನ ಬೆಳಿಗ್ಗೆ ಅಪ್ಪ ನನ್ನ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ನಡೆದ. ನಾನು ಬೆಳಗಾವಿಯ ಕಾಲೇಜು ಸೇರಲು ಹತ್ತಿದ್ದು ಮಾವನ ಬಸ್ಸನ್ನೇ. ಆ ಹೊತ್ತಿಗೆ ಬೇರೆ ಬಸ್ಸು ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ವಾರದ ಕೊನೆಗೆ ಊರಿಗೆ ಹೋಗುವುದೂ ಅದೇ ಬಸ್ಸಿನಲ್ಲಿ. ಪ್ರಾಕ್ಟಿಕಲ್ ಮುಗಿಸಿ, ಎದೆಗೆ ಪುಸ್ತಕ ಅವಚಿಕೊಂಡು ನಾನು ಸ್ಟ್ಯಾಂಡಿನೊಳಗೆ ಓಡಿ ಬರುವುದನ್ನು ಮಾವ ಕನ್ನಡಿಯಲ್ಲಿ ನೋಡುತ್ತಿದ್ದ. ನೋಡಿಯೂ ಗಾಡಿ ಬಿಡುತ್ತಿದ್ದ. ಕಂಡಕ್ಟರ್ ಪಾಟೀಲ ಖಾನಾಪುರದವರು, ಮನೆಮಾತು ಮರಾಠಿ. “ಅಹೋ ಬೀರಪ್ಪ, ತುಮಚೀ ಭಾಚೀ ಆಲೀ! ನಿಮ್ಮ ಸೊಸಿ ಓಡಿ ಬರಾಕತ್ತಾಳ, ಥಾಂಬಾ!” ಎಂದು ಗಂಟೆ ಎಳೆಯುತ್ತಿದ್ದರು.

“ಗಾಡಿ ಯಾರ ಸೋದರಸೊಸಿಗೂ ನಿಂದರಂಗಿಲ್ಲ ಪಾಟೀಲ. ಟೈಮ್ ಅಂದ್ರ ಟೈಮ್.”

ನಾನು ಓಡುವ ಬಸ್ಸಿನ ಬಾಗಿಲ ಕಂಬಿ ಹಿಡಿದು ಜಿಗಿಯುವುದನ್ನು ಕಲಿತೆ. ಬಿ.ಎಸ್ಸಿ.ಯನ್ನೂ ಹಾಗೆಯೇ ಹಿಡಿದೆ. ಒಮ್ಮೆ ಕೈ ಜಾರಿತು, ಗಣಿತದಲ್ಲಿ. ಮತ್ತೆ ಓಡಿ ಹಿಡಿದೆ. ಪದವಿಯ ಪತ್ರ ಅಂಚೆಯಲ್ಲಿ ಬಂದಾಗ ಅಪ್ಪ ಅದನ್ನು ಊರೆಲ್ಲ ತೋರಿಸಿ ಬಂದ. ಮಾವ ಒಮ್ಮೆ ನೋಡಿ, “ಕಾಗದ ಬಂತು, ಖರೇ. ಕೆಲಸ ಎಲ್ಲೈತಿ?” ಎಂದ.

ಕೆಲಸ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿತ್ತು. ಹೃದಯದ ವಿಭಾಗದಲ್ಲಿ ಇಸಿಜಿ ತೆಗೆಯಲು ಹೆಣ್ಣುಮಗಳೊಬ್ಬಳು ಬೇಕಾಗಿದ್ದಳು. ಹಳ್ಳಿಯ ಹೆಂಗಸರು ಗಂಡಸರ ಮುಂದೆ ಸೆರಗು ಸರಿಸಲು ಒಪ್ಪದೆ ಎದೆನೋವು ಹೊತ್ತುಕೊಂಡೇ ಮನೆಗೆ ಹೋಗುತ್ತಿದ್ದರು. ವಿಭಾಗದ ಮುಖ್ಯಸ್ಥರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಸಂದರ್ಶನದಲ್ಲಿ ಅವರು ಫಿಸಿಕ್ಸ್ ಬಗ್ಗೆ ಏನೂ ಕೇಳಲಿಲ್ಲ.

“ರೊಟ್ಟಿ ಬಡೀತೀಯೇನವಾ?”

“ಬಡೀತೀನ್ರೀ.”

“ಹಂಗಾದ್ರ ಕೈ ನಡಗಂಗಿಲ್ಲ. ನಾಳಿಂದ ಬಾ.”

ಸಾಹೇಬರು ಕೂಗಾಡುವವರಲ್ಲ. ತಪ್ಪು ಮಾಡಿದರೆ “ಯಾಕ?” ಎಂದಷ್ಟೇ ಕೇಳುತ್ತಿದ್ದರು. ನಾವು ಕಾರಣ ಹೇಳಿದರೆ, ಆ ಕಾರಣಕ್ಕೆ ಮತ್ತೆ “ಯಾಕ?”. ಮೂರನೆಯ ‘ಯಾಕ’ದ ಹೊತ್ತಿಗೆ ನಮ್ಮ ತಪ್ಪು ನಮಗೇ ಬೆತ್ತಲಾಗಿ ಕಾಣುತ್ತಿತ್ತು. ಈಗ ಈ ಕೆಲಸಕ್ಕೆ ಬರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಕೂಗುವ ಮೇಲಧಿಕಾರಿ ಸಿಕ್ಕರೆ ಸಹಿಸಿಕೊಳ್ಳಿ, ‘ಯಾಕ’ ಎನ್ನುವವರು ಸಿಕ್ಕರೆ ಬಿಡಬೇಡಿ.

ಎಂಬತ್ತರ ದಶಕದ ನಡುವಿನಲ್ಲಿ ಆ ಡಬ್ಬಿ ಬಂತು. ಊಟದ ಡಬ್ಬಿಯಷ್ಟು ದೊಡ್ಡದು, ಚರ್ಮದ ಚೀಲ, ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ. ಒಳಗೆ ಒಂದು ಕ್ಯಾಸೆಟ್ಟು. ಡಬ್ಬಿಯಿಂದ ಹೊರಟ ತಂತಿಗಳನ್ನು ರೋಗಿಯ ಎದೆಗೆ ಅಂಟಿಸಿ ಕಳಿಸಿದರೆ ಒಂದು ಹಗಲು, ಒಂದು ರಾತ್ರಿಯ ಹೃದಯದ ಬಡಿತವೆಲ್ಲ ಆ ಕ್ಯಾಸೆಟ್ಟಿನಲ್ಲಿ ಕೂಡುತ್ತಿತ್ತು. ಎದೆಯಲ್ಲಿ ಏನಾದರೂ ಆದಾಗ ಒತ್ತಲು ಮೇಲೊಂದು ಗುಂಡಿ. ಒತ್ತಿದರೆ ಟೇಪಿನ ಮೇಲೆ ಗುರುತು ಬೀಳುತ್ತಿತ್ತು. ಮರುದಿನ ಆ ಕ್ಯಾಸೆಟ್ಟನ್ನು ಓದುವ ಯಂತ್ರಕ್ಕೆ ಹಾಕಿದರೆ ಅದು ಬಡಿತಗಳನ್ನು ಬೇಗಬೇಗ ಓಡಿಸಿ ತೋರಿಸುತ್ತಿತ್ತು. ಜೊತೆಗೆ ಹೊಲಿಗೆ ಯಂತ್ರದ ಹಾಗೆ ಗುಂಯ್ ಎನ್ನುತ್ತಿತ್ತು. ಲಯ ತಪ್ಪಿದಲ್ಲಿ ಆ ಸದ್ದು ಮುಗ್ಗರಿಸುತ್ತಿತ್ತು. ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು.

“ಕಾಗದದ ಇಸಿಜಿ ಅಂದ್ರ ಮದುವಿ ಫೋಟೋ ಇದ್ದಂಗ,” ಎಂದು ಸಾಹೇಬರು ಹೇಳಿಕೊಟ್ಟರು. “ಎಲ್ಲಾರೂ ನೆಟ್ಟಗ ನಿಂತು ನಗತಿರತಾರ. ಈ ಡಬ್ಬಿ ಅಂದ್ರ ಆಮ್ಯಾಲಿನ ಸಂಸಾರ.”

ಆದರೆ ನಮ್ಮ ಮಂದಿಗೆ ಅದೂ ಫೋಟೋ ಸ್ಟುಡಿಯೋನೇ ಆಯಿತು. ಸದಾಶಿವನಗರದ ಒಬ್ಬ ಯಜಮಾನಿತಿಗೆ ಮಾಳಿಗೆ ಹತ್ತಿದಾಗ ಎದೆ ಹಾರುತ್ತಿತ್ತು. ಡಬ್ಬಿ ಹಾಕಿ ಕಳಿಸಿದೆವು. ಮನೆಗೆ ಹೋದವರೇ ರೇಷ್ಮೆ ಸೀರೆ ಉಟ್ಟು ಸೋಫಾದ ಮೇಲೆ ಕೂತುಬಿಟ್ಟರು. ಬೀಗರು, ನೆರೆಯವರು ಬಂದು ಡಬ್ಬಿ ನೋಡಿ, ಚಹಾ ಕುಡಿದು, ಕುಂಕುಮ ಹಚ್ಚಿಸಿಕೊಂಡು ಹೋದರು. ಟೇಪು ಮುತ್ತು ಪೋಣಿಸಿದ ಹಾಗೆ ಬಂತು.

“ಮಾಳಗಿ ಹತ್ತಲಿಲ್ಲ, ಯಾಕ?” ಎಂದರು ಸಾಹೇಬರು.

“ಮೆಷಿನ್ ಕೆಡತೈತಿ ಅಂತ ಸೊಸಿ ಹತ್ತಗೊಡಲಿಲ್ರೀ. ಆಕಿ ಹಿಂಗ ನನ್ನ ಜ್ವಾಪಾನ ಮಾಡಿದ್ದು ಇದ ಮೊದಲ ನೋಡ್ರಿ. ಇನ್ನೊಂದ ದಿನಾ ಇರಲಿ ಬಿಡ್ರಿ ಡಬ್ಬಿ!”

ಬಟ್ಟೆ ವ್ಯಾಪಾರಿಯೊಬ್ಬರ ಕಥೆ ಬೇರೆ. ಅವರ ಕೊರಳಲ್ಲಿ ಇಷ್ಟಲಿಂಗ. ಅದನ್ನಿಟ್ಟ ಬೆಳ್ಳಿಯ ಕರಡಿಗೆ ಸರಿಯಾಗಿ ನಾನು ತಂತಿ ಅಂಟಿಸಬೇಕಾದ ಜಾಗದ ಮೇಲೇ ತೂಗುತ್ತಿತ್ತು. “ಲಿಂಗ ಮೈಮ್ಯಾಲಿಂದ ಇಳಿಯಂಗಿಲ್ಲವಾ. ಬೇಕಾದ್ರ ನಿನ್ನ ಡಬ್ಬಿ ಇಳೀಲಿ” ಎಂದರು. ಮಾತು ಮುಗಿಯಿತು. ಸಾಹೇಬರು ಬಂದು ಕೈಮುಗಿದು, ತಂತಿಯನ್ನು ಎರಡು ಬೆರಳು ಕೆಳಗೆ ಸರಿಸಲು ನನಗೆ ಹೇಳಿದರು. ವ್ಯಾಪಾರಿ ಶಿವದಾರವನ್ನು ಗಿಡ್ಡ ಮಾಡಿ ಕರಡಿಗೆಯನ್ನು ಮೇಲೆ ಕಟ್ಟಿಕೊಂಡರು. ಇಬ್ಬರೂ ಎರಡೆರಡು ಬೆರಳು ಸೋತರು, ಟೇಪು ಗೆದ್ದಿತು. ಪುಸ್ತಕದಲ್ಲಿರುವ ಎದೆಗೆ ಕೊರಳಲ್ಲಿ ಏನೂ ಇರುವುದಿಲ್ಲ. ನಿಮ್ಮ ಮುಂದೆ ಬರುವ ಎದೆಯಲ್ಲಿ ಲಿಂಗ, ತಾಳಿ, ತಾಯತ, ಹಚ್ಚೆ ಎಲ್ಲ ಇರುತ್ತವೆ. ಮೊದಲು ಅವಕ್ಕೆ ಜಾಗ ಮಾಡಿರಿ.

ಒಮ್ಮೆ ನಾನು ಕ್ಯಾಸೆಟ್ಟನ್ನೇ ಹಾಕದೆ ಒಬ್ಬ ಅಜ್ಜಿಯನ್ನು ಊರಿಗೆ ಕಳಿಸಿಬಿಟ್ಟೆ. ಪಾಪ, ರಾತ್ರಿಯೆಲ್ಲ ಒಂದೇ ಮಗ್ಗುಲಾಗಿ ಮಲಗಿ, ಖಾಲಿ ಡಬ್ಬಿಯನ್ನು ಕೂಸಿನ ಹಾಗೆ ಕಾಯ್ದುಕೊಂಡು ಬಂದಳು. ಅವತ್ತು ಸಾಹೇಬರ ಮೂರು ‘ಯಾಕ’ಗಳೂ ನನ್ನ ಪಾಲಿಗೆ ಬಂದವು. ಅಜ್ಜಿ ಮಾತ್ರ, “ಹೋಗ್ಲಿ ಬಿಡವಾ, ಇನ್ನೊಮ್ಮೆ ಕಟ್ಟು. ಡಬ್ಬಿ ಇದ್ರ ಮನ್ಯಾಗ ನನಗ ಯಾರೂ ಕೆಲಸಾ ಹೇಳಂಗಿಲ್ಲ” ಎಂದಳು. ಅವತ್ತಿನಿಂದ ನಿವೃತ್ತಿಯ ದಿನದವರೆಗೂ, ಯಂತ್ರ ಎಷ್ಟೇ ಬದಲಾದರೂ, ಅದು ಓಡುತ್ತಿದೆ ಎಂದು ಕಣ್ಣಾರೆ ನೋಡದೆ ನಾನು ಒಬ್ಬರನ್ನೂ ಬಾಗಿಲು ದಾಟಿಸಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ನಮ್ಮ ವಿಭಾಗದ ಬೆಂಚಿನ ಮೇಲೆ ಮಾವ ಕೂತಿದ್ದ. ಬಾಜೂಕೆ ಅವನ ಹೆಂಡತಿ ಸತ್ತೆವ್ವತ್ತೆ. ಖಾಕಿ ಇಲ್ಲದೆ, ಧೋತರ-ರುಮಾಲಿನಲ್ಲಿ ಕೂತ ಮಾವನನ್ನು ನಾನು ಮೊದಲ ನೋಟಕ್ಕೆ ಗುರುತಿಸಲೇ ಇಲ್ಲ. ಅರ್ಧ ಆಳಾಗಿದ್ದ.

“ಏನಾತು ಮಾವ?”

ಅತ್ತೆ ಹೇಳಿದಳು. ಖಾನಾಪುರ ಸ್ಟ್ಯಾಂಡಿನಿಂದ ಗಾಡಿ ಬಿಟ್ಟ ಸ್ವಲ್ಪ ಹೊತ್ತಿಗೆ ಎದೆಯೊಳಗೆ ಬುಟ್ಟಿಯಲ್ಲಿ ಮುಚ್ಚಿಟ್ಟ ಕೋಳಿ ಬಡಿದಾಡಿದ ಹಾಗೆ ಆಗಿತ್ತು. ಬಸ್ಸನ್ನು ಬದಿಗೆ ಹಾಕಿ ನಿಲ್ಲಿಸಿದ. ಹೀಗೆ ಎರಡು ಮೂರು ಸಲ. ಸುದ್ದಿ ಡಿಪೋಕ್ಕೆ ಮುಟ್ಟಿತು. ಹೃದಯದ ಡಾಕ್ಟರರ ಸರ್ಟಿಫಿಕೇಟ್ ತಂದರಷ್ಟೇ ಸ್ಟೇರಿಂಗ್, ಇಲ್ಲವೆಂದರೆ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಎಂದು ಹೇಳಿ ಕಳಿಸಿದ್ದರು.

“ತೊಳೀತೀನಿ,” ಎಂದ ಮಾವ ನೆಲ ನೋಡುತ್ತ. “ಹೊಲಸ ಆಗೇತಂದ್ರ ತೊಳೀತೀನಿ. ಆದ್ರ ನನ್ನ ಗಾಡೀನ ಇನ್ನೊಬ್ಬಾಂವ ಹೊಡ್ಯೂದು ನೋಡಿಕೋತ ತೊಳಿಯಾಕ ಆಗಂಗಿಲ್ಲ ಕಮಲೀ.”

ಕಾಗದದ ಇಸಿಜಿ ನೆಟ್ಟಗೆ ಬಂತು. ಸಾಹೇಬರು ಡಬ್ಬಿ ಹಾಕಲು ಹೇಳಿದರು. ಮಾವನ ಎದೆಯ ಮೇಲೆ ಕರಡಿಯಂಥ ಕೂದಲು. ತಂತಿ ಅಂಟುವಷ್ಟು ಜಾಗ ಬೋಳಿಸಬೇಕು. ನಾನು ಬ್ಲೇಡು ತೆಗೆದದ್ದೇ ಮಾವ ಎದ್ದು ಕೂತ.

“ಏನ್ ಮಾಡ್ತೀ?”

“ಅಲ್ಲಲ್ಲೆ ಸ್ವಲ್ಪ ಬೋಳಿಸ್ತೀನಿ ಮಾವ.”

“ನಾಕ ಮಂದ್ಯಾಗ ಅಂಗಿ ಹೆಂಗ ಬಿಚ್ಚಲೆ? ಕುರಿ ಉಣ್ಣಿ ಅರ್ಧಾ ಕತ್ತರಿಸಿ ಬಿಟ್ಟಂಗ ಕಾಣತೈತಿ!”

“ಬಿಚ್ಚಿ ಯಾರಿಗೆ ತೋರಸಾಂವ ಇದ್ದೀ?” ಎಂದಳು ಅತ್ತೆ. ಮಾವ ಮಲಗಿದ.

ತಂತಿ ಅಂಟಿಸುತ್ತ ಹೇಳಿದೆ: “ದಿನಾ ಹೆಂಗ ಇರತೀಯೋ ಹಂಗ ಇರು. ಎದಿ ಬಡದಾಡಿದ್ರ ಈ ಗುಂಡಿ ಒತ್ತು.”

“ಎದಿ ಬಡಿತಾನ ಡಬ್ಬ್ಯಾಗ ಹಿಡೀತೀರಿ? ಹಾವ ಹಿಡದಂಗ? ಆಗೂ ಮಾತಲ್ಲ ಇದು,” ಎಂದ. ಇದು ನನ್ನ ಬದುಕಿನಲ್ಲಿ ಅವನು ಹೇಳಿದ ಎರಡನೆಯ ‘ಆಗದ ಮಾತು’.

ಮರುದಿನ ಟೇಪು ಓಡಿಸಿದೆ. ಎಣ್ಣೆ ಸುರಿದ ಹಾಗೆ ಒಂದೇ ಸಮನೆ ಗುಂಯ್. ಹಗಲೂ ಹಾಗೇ, ರಾತ್ರಿಯೂ ಹಾಗೇ. ಒಂದು ಮುಗ್ಗರಿಕೆ ಇಲ್ಲ. ನನಗೆ ಕುಣಿಯುವಷ್ಟು ಸಂತೋಷ. ಸಾಹೇಬರು ಮಾತ್ರ ಹುಬ್ಬು ಗಂಟಿಕ್ಕಿ ಮಾವನನ್ನು ಒಳಗೆ ಕರೆದರು.

“ಬೀರಪ್ಪ, ನಿನ್ನೆ ಏನ ಉಂಡಿ?”

“ಹಾಲು ಅನ್ನ ರೀ.”

“ಚಹಾ?”

“ಮುಟ್ಟಿಲ್ರೀ.”

“ತಂಬಾಕ?”

“ಶಿವಶಿವಾ! ಇಲ್ರೀ.”

“ಯಾಕ?”

ಮಾವ ಅತ್ತೆಯ ಮುಖ ನೋಡಿದ. ಅತ್ತೆ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು. “ಎದಿ ಮ್ಯಾಲೆ ಕಟ್ಟಿಕೊಂಡ ಮ್ಯಾಲೆ ಶೀಲದಿಂದ ಇರಬೇಕಲ್ರೀ ಸಾಹೇಬ್ರ? ನಮ್ಮ ಓಣ್ಯಾಗ ಲಿಂಗಾ ಕಟ್ಟಿಕೊಂಡವರನ್ನ ನೋಡೀನಲ್ರೀ. ಅದಕ್ಕ ಚಹಾ ಇಲ್ಲ, ತಂಬಾಕ ಇಲ್ಲ, ಖಂಡ ಇಲ್ಲ. ಒಗದ ಕಂಬಳಿ ಹಾಸಿ ದೇವರ ಮನ್ಯಾಗ ಕುಂದರಿಸಿದೆ. ಯಾರ ಕೂಡಾನೂ ಜಗಳಾ ಆಡಬ್ಯಾಡ ಅಂದೆ. ಮುಂಜೇಲೆ ಡಬ್ಬಿಗೆ ಊದಿನಕಡ್ಡಿ ಬೆಳಗೇನ್ರೀ.”

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, “ಕಮಲಾ, ಇದು ಡ್ರೈವರ್ ಬೀರಪ್ಪನ ಟೇಪ್ ಅಲ್ಲವಾ. ಯಾರೋ ಸ್ವಾಮಿಗಳದ್ದು. ಸ್ವಾಮಿಗಳಿಗೆ ಬಸ್ ಹೊಡಿಯಾಕ ಬರಂಗಿಲ್ಲ. ಇದರ ಮ್ಯಾಲೆ ನಾ ಸರ್ಟಿಫಿಕೇಟ್ ಬರಿಯಾಕ ಆಗಂಗಿಲ್ಲ” ಎಂದರು.

ಹೊರಗೆ ಬಂದದ್ದೇ ಮಾವ ನನ್ನ ಮೇಲೆ ಎಗರಿದ.

“ಚೊಲೋ ಬಂದೈತಿ ಅಂತೀ. ಮತ್ಯಾಕ ಕೆದರತೀರಿ? ನಾಳೆ ಕೆಟ್ಟ ಬಂತಂದ್ರ ನನ್ನ ಸ್ಟೇರಿಂಗ್ ಹೋತು. ಸಾಹೇಬ್ರು ನಿನ್ನ ಮಾತ ಕೇಳತಾರ. ಹೋಗಿ ಒಂದ ಮಾತ ಹೇಳು.”

“ನಿನ್ನ ಬೆನ್ನ ಹಿಂದ ಗಾಡಿ ತುಂಬ ಮಂದಿ ಇರತಾರ ಮಾವ. ನಾನೂ ಅದರಾಗ ಕುಂತು ಬಂದಾಕಿ.”

“ನಾ ನಿನ್ನ ಸೋದರಮಾವ!”

ಆ ಮಾತು ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಓಡುವ ಬಸ್ಸಿಗೆ ಜಿಗಿದು ಜಿಗಿದು ನನ್ನೊಳಗೆ ಕೂತಿತ್ತೇನೋ. “ಗಾಡಿ ಯಾರ ಸೋದರಸೊಸಿಗೂ ನಿಂದರಂಗಿಲ್ಲ ಅಂತಿದ್ದೆಲ್ಲ? ಡಬ್ಬೀನೂ ಹಂಗ ಮಾವ. ಯಾರ ಸೋದರಮಾವಗೂ ನಿಂದರಂಗಿಲ್ಲ.”

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಾವ ಅಂಗಿಯ ಗುಂಡಿ ತಾನೇ ಬಿಚ್ಚುತ್ತ, “ಕಟ್ಟು” ಎಂದ.

ಗಾಡಿ ಹೊಡೆಯಲು ಅವನಿಗೆ ಅಪ್ಪಣೆ ಇರಲಿಲ್ಲ. ಆದ್ದರಿಂದ ಸಾಹೇಬರು, “ಡ್ಯೂಟಿ ದಿನಾ ಹೆಂಗೋ ಹಂಗ ಏಳು, ಅದ ಗಾಡಿ ಹತ್ತು, ಬರೇ ಪ್ಯಾಸೆಂಜರ್ ಆಗಿ ಕುಂದರು. ಚಹಾ, ತಂಬಾಕ, ಬೈಗಳಾ ಎಲ್ಲಾ ಇರಲಿ” ಎಂದರು. ಮುಂದಿನದನ್ನು ನನಗೆ ಹೇಳಿದವರು ಪಾಟೀಲ ಕಂಡಕ್ಟರು. ಮರುದಿನ ಟೇಪು ಓದುವಾಗ ಯಾವ ಹೊತ್ತಿಗೆ ಏನಾಯಿತು ಎಂದು ತಾಳೆ ನೋಡಲು ಸಾಹೇಬರು ಅವರನ್ನೂ ಕರೆಸಿದ್ದರು.

ಮಾವ ಡ್ರೈವರನ ಬಾಜೂ ಸೀಟಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದನಂತೆ. ಗಾಡಿ ಹೊಡೆಯುತ್ತಿದ್ದವನು ಹೊಸದಾಗಿ ಬಂದ ತರುಣ ಡ್ರೈವರ್.

“ಎಡಕ್ಕ ಹಿಡಿಯೋ! ಎಡಕ್ಕ! ಮುಂದ ಎಮ್ಮಿ ಐತಿ, ಎಮ್ಮಿ! ಗೇರ್ ಇಳಸು, ಗಾಡಿ ಅಳಾಕತ್ತೈತಿ ಕೇಳಸಂಗಿಲ್ಲೇನ?”

ತಿರುವು ಬಂದಲ್ಲೆಲ್ಲ ಮಾವನ ಬಲಗಾಲು ನೆಲವನ್ನು ತುಳಿಯುತ್ತಿತ್ತು. ಅಷ್ಟೇ ಅಲ್ಲ, ಎದುರಿಗೆ ಏನಾದರೂ ಬಂದ ಕೂಡಲೇ ಕೈ ತಾನಾಗಿಯೇ ಡಬ್ಬಿಯ ಗುಂಡಿ ಒತ್ತುತ್ತಿತ್ತು, ಹಾರ್ನು ಒತ್ತಿದ ಹಾಗೆ. ಬೆಳಗಾವಿ ದಾಟಿ ಪೀರನವಾಡಿ ಬರುವ ಹೊತ್ತಿಗೆ ಆ ಡ್ರೈವರ್ ಬಸ್ಸು ನಿಲ್ಲಿಸಿ ಕೈಮುಗಿದ: “ಬೀರಪ್ಪಣ್ಣ, ನೀವರ ಇಳೀರಿ, ಇಲ್ಲಾ ನಾನರ ಇಳೀತೀನಿ.” ಪ್ರಯಾಣಿಕರೆಲ್ಲ ನಕ್ಕರು. ಒಬ್ಬ ಮುದುಕ, “ಡಬ್ಬಿಯೊಳಗ ಏನ ಐತೋ ತಮ್ಮಾ?” ಎಂದು ಕೇಳಿದ. “ನನ್ನ ನೌಕರಿ ಐತಿ” ಎಂದನಂತೆ ಮಾವ.

ಟೇಪು ಓಡಿಸಿದೆ. ಸಾಹೇಬರು ನನ್ನ ಪಕ್ಕದಲ್ಲಿ, ಪಾಟೀಲರು ಹಿಂದೆ. ತಿರುವುಗಳಲ್ಲಿ ಸದ್ದು ಚುರುಕಾಯಿತು, ಗುಂಡಿಯ ಗುರುತುಗಳಂತೂ ಸಾಲುಸಾಲು. “ಓಡಾಕತ್ತೈತಿ, ಆದ್ರ ಎಡವಿಲ್ಲ,” ಎಂದರು ಸಾಹೇಬರು. ಆಮೇಲೆ ಖಾನಾಪುರ ಸ್ಟ್ಯಾಂಡು ಬಂತು. “ಇಲ್ಲೆ ಕಡಕ್ ಚಹಾ ರೀ. ಆಮ್ಯಾಲೆ ತಂಬಾಕ,” ಎಂದರು ಪಾಟೀಲ.

ಸ್ವಲ್ಪ ಮುಂದೆ ಗುಂಯ್ ಎನ್ನುತ್ತಿದ್ದ ಸದ್ದು ಟಪಕ್ ಎಂದು ಮುರಿಯಿತು.

ಮತ್ತೆ ಟಪಕ್. ರೊಟ್ಟಿ ಬಡಿಯುವ ಕೈ, ನಡುಗುವುದಿಲ್ಲ ಎಂದು ಕೆಲಸ ಸಿಕ್ಕ ಕೈ, ಅವತ್ತು ನಡುಗಿತು. ಸಾಹೇಬರು ಯಂತ್ರ ನಿಲ್ಲಿಸಿ, ಆ ತುಂಡನ್ನು ಕಾಗದದ ಮೇಲೆ ತೆಗೆಸಿ, ಬೆಳಕಿಗೆ ಹಿಡಿದು ನೋಡಿದರು. ಮುಂದಕ್ಕೆ ಓಡಿಸಿದರು. ಮತ್ತೊಂದು ಚಹಾ, ಮತ್ತೊಂದು ಸಲ ತಂಬಾಕು, ಮತ್ತೆ ಟಪಕ್ ಟಪಕ್. ಊಟವಾಗಿ ಮಲಗಿದ ಮೇಲೆ ನೆಟ್ಟಗೆ. ಕೊನೆಯವರೆಗೆ ನೋಡಿ ಮುಗಿಸಿ, ಅವರು ನನ್ನ ಕಡೆ ತಿರುಗಿದರು.

“ನಡಬರಕ ಒಂದೊಂದು ಹೆಚ್ಚಿನ ಬಡಿತ. ಅದರ ಹಿಂದ ಸ್ವಲ್ಪ ತಡ, ಆಮ್ಯಾಲೆ ಒಂದು ದೊಡ್ಡ ಬಡಿತ. ಅವಗ ಅದ ಕೋಳಿ ಬಡದಂಗ ಅನಸೇತಿ. ಹೆದರೂವಂಥಾದ್ದು ಒಂದೂ ಇಲ್ಲ. ಚಹಾ, ತಂಬಾಕ ಬಿಡಲಿ. ಬಿಟ್ಟು, ಜಗಳಾ, ದಗದಾ-ಕೆಲಸಾ ಎಲ್ಲಾ ಇಟಗೊಂಡು, ಮತ್ತೊಮ್ಮೆ ಕಟ್ಟೋಣ. ಆಗ ನೋಡಿ ಬರೀತೀನಿ.”

ಬೆಂಚಿನ ಮೇಲಿದ್ದ ಮಾವನಿಗೆ ಹೇಳಿದೆ. ಅವನು ಸೊಂಟದ ತಂಬಾಕಿನ ಚಂಚಿ ಬಿಚ್ಚಿ ಅತ್ತೆಯ ಕೈಗಿಟ್ಟ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಲಗ್ನಾದಾಗಿಂದ ಬಿಡು ಬಿಡು ಅಂತ ನಾ ಒದರಿದೆ, ಕಿವಿಗೆ ಹಾಕ್ಕೊಳ್ಳಲಿಲ್ಲ. ಈ ಡಬ್ಬಿ ಬಾಯಿ ಸುದ್ದಾ ಬಿಡಲಿಲ್ಲ, ಮಾತ ಕೇಳಿದ!” ಎಂದಳು.

ಬಿಡುವುದು ಹೇಳಿದಷ್ಟು ಹಗುರವಾಗಿರಲಿಲ್ಲ. ಮನೆಯಲ್ಲಿ ಕುರಿಗೂ ಬೈದನಂತೆ, ಕೋಳಿಗೂ ಬೈದನಂತೆ. ಆದರೆ ಕೆಲವು ವಾರಗಳ ನಂತರ ಮೂರನೆಯ ಸಲ ಡಬ್ಬಿ ಕಟ್ಟಿದಾಗ ಡಿಪೋದಲ್ಲಿ ಸಾಮಾನು ಹೇರಿದ, ಇಳಿಸಿದ, ಆ ತರುಣ ಡ್ರೈವರನ ಜೊತೆ ಇನ್ನೊಂದು ಸುತ್ತು ಹೋಗಿ ಬೈದು ಬಂದ. ಟೇಪು ಓಡಿತು, ಏರಿತು, ಇಳಿಯಿತು. ಎಡವಲಿಲ್ಲ. ಇದು ಸ್ವಾಮಿಗಳ ಟೇಪಲ್ಲ, ಬೀರಪ್ಪನದೇ.

ನಾನು ಈ ಕೆಲಸದಲ್ಲಿ ಮುಂದೆ ಏನೇನೋ ನೋಡಿದೆ. ಈಗ ಬೆರಳಗಲದ ಪಟ್ಟಿಯೊಂದನ್ನು ಎದೆಗೆ ಅಂಟಿಸಿ ಕಳಿಸುತ್ತಾರೆ, ಓದುವುದನ್ನೂ ಕಂಪ್ಯೂಟರೇ ಓದುತ್ತದೆ. ಒಳ್ಳೆಯದೇ. ಆದರೂ ಮಕ್ಕಳೇ, ಟೇಪು ಚೆನ್ನಾಗಿ ಬಂದರೆ ಹಿಗ್ಗುವ ಮೊದಲು ಒಂದು ಮಾತು ಕೇಳಿರಿ: ನಿನ್ನೆ ನೀವು ನೀವೇ ಆಗಿದ್ದಿರಾ?

ಸರ್ಟಿಫಿಕೇಟ್ ಒಯ್ಯಲು ಮಾವ ಖಾಕಿ ಹಾಕಿಕೊಂಡೇ ಬಂದ. ಸಾಹೇಬರು ಸಹಿ ಮಾಡಿ ಕಾಗದವನ್ನು ನನ್ನ ಕಡೆಗೆ ಸರಿಸಿದರು. “ನೀನ ಕೊಡವಾ.” ನಾನು ಎದ್ದು ನಿಂತು ಎರಡೂ ಕೈಯಿಂದ ಕೊಟ್ಟೆ. ಮಾವ ಅದನ್ನು ಕಣ್ಣಿಗೊತ್ತಿಕೊಂಡು, ಜೊತೆಗಿದ್ದ ಟೇಪಿನ ವರದಿಯ ಮೇಲೆ ಬೆರಳಾಡಿಸಿದ. ಬೆರಳು ತಳದಲ್ಲಿ ನಿಂತಿತು.

“ಇಲ್ಲೇನ ಬರದೈತಿ?”

“ಟೇಪ್ ಓದಿದವರ ಹೆಸರು ಮಾವ.”

“ಯಾರು ಓದ್ಯಾರ?”

“ನಾನ.”

“ಹೆಸರಿನ ಮುಂದ ಇನ್ನೂ ಏನೋ ಐತಲ್ಲ?”

“ಬಿ.ಎಸ್ಸಿ. ಅಂತ ಐತಿ.”

ಮಾವ ಆ ಅಕ್ಷರಗಳನ್ನು ಬೆರಳಿನಿಂದ ಒಮ್ಮೆ ಸವರಿದ. ಕಾಗದ ಮಡಚಿ, ಅಂಗಿಯ ಎದೆಯ ಜೇಬಿನಲ್ಲಿಟ್ಟು, ಗುಂಡಿ ಹಾಕಿದ. ಬಾಗಿಲವರೆಗೆ ಹೋದವನು ತಿರುಗಿ ನಿಂತ.

“ಐತವಾರ ಊರಿಗೆ ಬರೂದೈತೇನ?”

“ಬರಬೇಕ ಮಾವ. ಶನಿವಾರ ಸಂಜೀ ಗಾಡಿಗೆ. ಇಲ್ಲೆ ಕೆಲಸಾ ಮುಗಿಯೂದು ಸ್ವಲ್ಪ ತಡಾ ಆಗತೈತಿ.”

“ಓಡಿ ಬರಬ್ಯಾಡ,” ಎಂದ ಮಾವ. “ನೀ ಬರೂತನಕ ಗಾಡಿ ನಿಂದರತೈತಿ. ಒಂದ ಸಲ. ಒಂದ ಸಲ ಅಷ್ಟ.”